ಬೇಳೆ ಬೇಯುವ ನೀರು

ದಿಗುವಕೋನಪಲ್ಲಿಯ ಬೋರಿಂಗಿನ ನೀರಿನಲ್ಲಿ ತೊಗರಿಬೇಳೆ ಒಂದೇ ಕುದಿಗೆ ಬೆಣ್ಣೆಯಾಗುತ್ತಿತ್ತು. ಊರಿಗೆ ಅದೊಂದು ಜಂಬ. ಅಂಬಾಜಿದುರ್ಗ ಬೆಟ್ಟದ ಆ ಮಗ್ಗುಲಿನ ಹಳ್ಳಿಗಳಲ್ಲಿ ಮದುವೆಯೆಂದರೆ ಅಡುಗೆಯವರು ಮೊದಲು ಗಾಡಿ ಕಟ್ಟಿಸಿ ಅಲ್ಲಿಂದ ಎರಡು ಡ್ರಮ್ಮು ನೀರು ತರಿಸುತ್ತಿದ್ದರು. ಮಾವಿನತೋಪಿನಲ್ಲಿ ಹಳೆಯ ಬಾವಿಯೊಂದಿತ್ತು. ಅದರ ನೀರು ಗಡಸು, ಬೇಳೆ ಬೇಯುವುದಿಲ್ಲ ಎಂದು ಬೋರಿಂಗು ಬಂದ ವರ್ಷವೇ ಜನ ಅದನ್ನು ಬಿಟ್ಟರು.

ಅಮ್ಮಾಜಮ್ಮ ಆ ಊರಿನ ಮಗಳು. ಚಿಂತಾಮಣಿಗೆ ಮದುವೆಯಾಗಿ ಬಂದ ಮೇಲೂ ಅವಳ ಅಣ್ಣ ಬಯ್ಯಪ್ಪ ಹದಿನೈದು ದಿನಕ್ಕೊಮ್ಮೆ ಬಸ್ಸಿನಲ್ಲಿ ಒಂದು ಕ್ಯಾನು ನೀರು ತಂದು ಇಳಿಸುತ್ತಿದ್ದ. ಬೇರೆಯವರ ತವರಿನಿಂದ ಕಡಲೆಕಾಯಿ ಬರುತ್ತಿತ್ತು, ರಾಗಿ ಬರುತ್ತಿತ್ತು. ಇವಳ ತವರಿನಿಂದ ನೀರು ಬರುತ್ತಿತ್ತು. ಅವಳಿಗೆ ಅದೇ ಹೆಚ್ಚು.

ಗಂಡ ಮುನಿನಾರಾಯಣಪ್ಪ ಎಸ್ಸೆಸ್ಸೆಲ್ಸಿ ಪಾಸಾದವನು. ಕೆಲಸ ಸಿಗದೆ ಸೈಕಲ್ ಅಂಗಡಿಯಲ್ಲಿ ಪಂಚರ್ ಹಾಕಿಕೊಂಡಿದ್ದ. ಎಂಬತ್ತೊಂದರಲ್ಲಿ ದೊಡ್ಡ ಊರಿನ ತಾಂತ್ರಿಕ ವಿಶ್ವವಿದ್ಯಾಲಯದವರು ಚಿಂತಾಮಣಿಯಲ್ಲಿ ಎರಡು ಕೋಣೆ ಬಾಡಿಗೆಗೆ ಹಿಡಿದು ನೀರಿನ ಪರೀಕ್ಷೆ ಶುರು ಮಾಡಿದರು. ಊರೂರಿನ ಬೋರಿಂಗುಗಳಿಂದ ನೀರು ಹಿಡಿದು ತರಲು ಸೈಕಲ್ ತುಳಿಯಬಲ್ಲ, ಓದು ಬಲ್ಲ ಆಳೊಬ್ಬ ಬೇಕಿತ್ತು. ಇವನನ್ನು ಇಟ್ಟುಕೊಂಡರು. ದಿನಗೂಲಿ. ಆ ಪರೀಕ್ಷೆಯ ಮುಖ್ಯಸ್ಥರನ್ನು ಎಲ್ಲರೂ ಡಾಕ್ಟರ್ ಸಾರ್ ಎನ್ನುತ್ತಿದ್ದರು. ಸೂಜಿ ಹಾಕುವ ಡಾಕ್ಟರಲ್ಲ, ಓದಿನ ಡಾಕ್ಟರು.

ಮೊದಲು ಬಾಟಲಿ ತೊಳೆಯುವುದಷ್ಟೇ ಕೆಲಸ. ಆರು ತಿಂಗಳಲ್ಲಿ ಪರೀಕ್ಷೆಯನ್ನೂ ಕಲಿತ. ನೀರಿಗೆ ಕೆಂಪು ಔಷಧಿ ಅಳೆದು ಹಾಕಬೇಕು. ಕೆಂಪು ಕೆಂಪಾಗಿಯೇ ಉಳಿದರೆ ನೀರು ಒಳ್ಳೆಯದು. ಹಳದಿಗೆ ತಿರುಗಿದಷ್ಟೂ ಅದರಲ್ಲಿ ಫ್ಲೋರೈಡ್ ಎಂಬ ವಿಷ ಹೆಚ್ಚು. ಅದು ಮೊದಲು ಮಕ್ಕಳ ಹಲ್ಲಿಗೆ ಹೋಗುತ್ತದೆ, ಆಮೇಲೆ ಮೂಳೆಗೆ. ವರ್ಷ ತುಂಬುವುದರೊಳಗೆ ಮುನಿನಾರಾಯಣಪ್ಪ ಬಣ್ಣ ನೋಡಿಯೇ ಅಂಕಿ ಹೇಳುತ್ತಿದ್ದ. ಮಿಷನ್ನಿಗೆ ಹಾಕಿದರೆ ಅದೇ ಅಂಕಿ. ಡಾಕ್ಟರ್ ಸಾರ್ ಬೆನ್ನು ತಟ್ಟಿದರು. "ನೀನು ಕೂಲಿಯವನಲ್ಲಪ್ಪ, ಅನಲಿಸ್ಟು. ಪೋಸ್ಟ್ ಬರ್ಲಿ, ನಿನ್ನನ್ನ ರಿಸರ್ಚ್ ಅಸಿಸ್ಟೆಂಟ್ ಮಾಡ್ತೀನಿ" ಎಂದರು.

ಅವನು ಮನೆಗೆ ಬಂದು ಆ ಎರಡು ಮಾತನ್ನು ಹೆಂಡತಿಗೆ ಮೂರು ಸಲ ಹೇಳಿದ. ಅಮ್ಮಾಜಮ್ಮ ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. "ಹಂಗಂದ್ರೇನು?" ಎಂದಳು.

"ನೀರಿನ ಒಳಗೇನದೆ ಅಂತ ಬಿಡಿಸಿ ನೋಡೋನು."

"ಬಿಡಿಸೋಕೆ ಅದೇನು ಅವರೇಕಾಯಾ?"

ಇಬ್ಬರೂ ನಕ್ಕರು. ಅವು ನಗುವ ದಿನಗಳು.

ಅವನು ಕೆಲಸದಲ್ಲಿ ಒಂದು ಉಪಾಯ ಕಂಡುಕೊಂಡಿದ್ದ. ಯಾವ ಊರಿಗೆ ಹೋದರೂ ಹೆಂಗಸರನ್ನು ಕೇಳುವುದು, "ನಿಮ್ಮೂರಲ್ಲಿ ಬೇಳೆ ಯಾವ ಬೋರಿಂಗಿನ ನೀರಲ್ಲಿ ಬೇಗ ಬೇಯ್ತದಮ್ಮ?" ಬೇಳೆ ಬೇಗ ಬೇಯಿಸುವ ನೀರಿನಲ್ಲೇ ಆ ವಿಷ ಹೆಚ್ಚಿರುವುದು ಅವನಿಗೆ ಕಂಡಿತ್ತು. ಪುಸ್ತಕ ನೋಡಿ ಅಲ್ಲ, ನೂರಾರು ಬಾಟಲಿ ನೋಡಿ. ಹೆಂಗಸರು ಕೈ ತೋರಿಸಿ ಕರೆದುಕೊಂಡು ಹೋಗುತ್ತಿದ್ದರು. ಹ್ಯಾಂಡಲ್ಲನ್ನೂ ಅವರೇ ಒತ್ತುತ್ತಿದ್ದರು.

"ಏನಪ್ಪಾ ಬಾಟ್ಲಿ ಸಾಹೇಬ, ನೀರಿಗೂ ಜಾತಕ ಬರೀತೀಯಾ?" ಎಂದು ಮಂಚೇನಹಳ್ಳಿಯ ಕಡೆಯ ಮುದುಕಿಯೊಬ್ಬಳು ಕೇಳಿದ್ದಳಂತೆ. "ನಮ್ ನೀರಿಗೆ ಒಳ್ಳೇ ಗಂಡು ನೋಡು" ಎಂದಳಂತೆ. ಅವನು ಅದನ್ನು ಮನೆಯಲ್ಲಿ ಹೇಳಿದ. ನಗುತ್ತಾ ಶುರು ಮಾಡಿದ, ನಡುವೆಯೇ ಎದ್ದು ಹೊರಗೆ ಹೋದ. ಅಮ್ಮಾಜಮ್ಮ ಆಗ ಅದನ್ನು ಗಮನಿಸಲಿಲ್ಲ.

ಅವರಿಗೆ ಒಬ್ಬಳೇ ಮಗಳು, ಆಂಜಿನಮ್ಮ. ಎರಡನೆಯ ಬಸಿರು ಐದು ತಿಂಗಳಿಗೆ ಹೋಯಿತು. ಅಮ್ಮಾಜಮ್ಮ ಹಾಸಿಗೆ ಹಿಡಿದಳು. ಮೂರು ವರ್ಷದ ಹುಡುಗಿಯನ್ನು ಅಮ್ಮಾಜಮ್ಮನ ತಾಯಿ ಚಿಕ್ಕವೆಂಕಟಮ್ಮ ದಿಗುವಕೋನಪಲ್ಲಿಗೆ ಕರೆದುಕೊಂಡು ಹೋಗಿ ಸಾಕುತ್ತಿದ್ದಳು. ಬಯ್ಯಪ್ಪನಿಗೂ ಅದೇ ವಯಸ್ಸಿನ ಮಗಳು, ಕೊಂಡಮ್ಮ. ಎರಡೂ ಮಕ್ಕಳಿಗೆ ಒಂದೇ ತಟ್ಟೆ, ಒಂದೇ ಚೊಂಬು.

ಎಂಬತ್ತನಾಲ್ಕರ ಕಾರಹುಣ್ಣಿಮೆ ಕಳೆದ ಮೇಲೆ ಒಂದು ಸಂಜೆ ಮುನಿನಾರಾಯಣಪ್ಪ ಮನೆಗೆ ಬಂದವನು ಊಟಕ್ಕೆ ಏಳಲಿಲ್ಲ. ಬೆಳಿಗ್ಗೆ, "ಮಗೂನ ಕರ್ಕೊಂಬರ್ತೀನಿ" ಎಂದ.

"ಯಾಕೆ? ನಂಗಿನ್ನೂ ಮೈ ನೆಟ್ಟಗಾಗಿಲ್ಲ."

"ನಾನು ನೋಡ್ಕೊಂತೀನಿ."

"ನೀವಾ? ನಿಮ್ ಬಾಟ್ಲಿ ತೊಳ್ಯೋಕೇ ನಿಮಗೆ ಹೊತ್ತಿಲ್ಲ."

"ಪೇಟೇಲಿ ಬೆಳೀಲಿ. ಇಸ್ಕೂಲದೆ."

"ಮೂರು ವರ್ಷದ ಕೂಸಿಗೆ ಇಸ್ಕೂಲಾ?"

ಅವನು ಸೈಕಲ್ ಹತ್ತಿದ. ದಿಗುವಕೋನಪಲ್ಲಿಯಲ್ಲಿ ಅತ್ತೆ ಬಾಗಿಲಿಗೆ ಅಡ್ಡ ನಿಂತಳು. "ಅಳಿಯಂದ್ರೇ, ನಮ್ಮನೇಲಿ ಹುಡ್ಗೀಗೆ ಏನು ಕಮ್ಮಿ ಆಗಿತ್ತು? ಅದನ್ನೊಂದು ಹೇಳ್ಬಿಟ್ಟು ಹೋಗಿ." ಅವನು ತಲೆ ತಗ್ಗಿಸಿಕೊಂಡು ಮಗುವನ್ನು ಎತ್ತಿ ಮುಂದಿನ ಕಂಬಿಯ ಮೇಲೆ ಕೂರಿಸಿಕೊಂಡ. ಕೊಂಡಮ್ಮ ಸೈಕಲ್ಲಿನ ಹಿಂದೆ ಓಣಿಯ ತುದಿಯವರೆಗೆ ಓಡಿಬಂದು, ನಾನೂ ಬರ್ತೀನಿ ಎಂದು ಅತ್ತಳು. ಆಗ ಅವಳ ಕಾಲು ನೆಟ್ಟಗಿದ್ದವು.

ಆ ವಾರ ಬಯ್ಯಪ್ಪ ಎಂದಿನಂತೆ ನೀರು ತಂದ. ಅವನು ಬಸ್ ಸ್ಟ್ಯಾಂಡಿಗೆ ಹಿಂದಿರುಗುವಷ್ಟರಲ್ಲಿ ಮುನಿನಾರಾಯಣಪ್ಪ ಕ್ಯಾನನ್ನು ಎತ್ತಿ ಮೋರಿಗೆ ಸುರಿದ. ಅಮ್ಮಾಜಮ್ಮ ಕಿರುಚಿದಳು. ತವರಿನಿಂದ ಬಂದ ಅನ್ನವನ್ನೇ ಸುರಿದ ಹಾಗಾಯಿತು ಅವಳಿಗೆ. ಪಕ್ಕದ ಮನೆಯವರು ಕಂಡಿದ್ದರು. ಸುದ್ದಿ ಊರಿಗೆ ಮುಟ್ಟಿತು. ಕ್ಯಾನು ಬರುವುದು ನಿಂತಿತು. ಚಿಕ್ಕವೆಂಕಟಮ್ಮ ಎರಡು ವರ್ಷ ಮಗಳ ಮನೆಯ ಹೊಸಿಲು ತುಳಿಯಲಿಲ್ಲ. ಮತ್ತೆ ಮಾತಾಡುವುದರೊಳಗೆ ತೀರಿಕೊಂಡಳು.

ಅಮ್ಮಾಜಮ್ಮ ಕಾರಣ ಕೇಳಿ ಕೇಳಿ ಸೋತಳು. ನನ್ನ ತವರೆಂದರೆ ಇವನಿಗೆ ಹೊಟ್ಟೆಕಿಚ್ಚು ಎಂದುಕೊಂಡಳು. ಹಾಗೆಂದು ಅವನಿಗೆ ಹೇಳಿಯೂ ಬಿಟ್ಟಳು. ಅವನು ಹೂಂ ಎಂದ. ಇಲ್ಲ ಎನ್ನಬಹುದಿತ್ತು. ಎನ್ನಲಿಲ್ಲ.

ಕೊಂಡಮ್ಮನಿಗೆ ಏಳು ವರ್ಷಕ್ಕೆ ಹೊಸ ಹಲ್ಲು ಬಂದವು. ಬರುವಾಗಲೇ ಕಂದು. ತಾಯಿ ಓಬಳಮ್ಮ ಇದ್ದಿಲು ಹಾಕಿ ತಿಕ್ಕಿದಳು, ಉಪ್ಪು ಹಾಕಿ ತಿಕ್ಕಿದಳು. ಹತ್ತಕ್ಕೆ ಕಾಲು ಬಾಗತೊಡಗಿದವು. ಒಬ್ಬ ಡಾಕ್ಟರು ಶಕ್ತಿ ಸಾಲದು ಎಂದ. ಹಾಲು ಕುಡಿಸಿದರು, ರಾಗಿ ಗಂಜಿ ಕುಡಿಸಿದರು. ಗಂಜಿಗೂ ಅದೇ ನೀರು. ಮುನಿನಾರಾಯಣಪ್ಪ ಹಬ್ಬಕ್ಕೆ ಆ ಊರಿಗೆ ಹೋದರೆ ಹುಡುಗಿಗೆ ಮಾತ್ರೆ ತೆಗೆದುಕೊಂಡು ಹೋಗುತ್ತಿದ್ದ. ಊಟ ಮಾಡುತ್ತಿರಲಿಲ್ಲ, ಹೊಟ್ಟೆ ಸರಿಯಿಲ್ಲ ಎನ್ನುತ್ತಿದ್ದ. ಎಷ್ಟು ಒಳ್ಳೆಯ ಮಾವ ಎಂದು ಓಬಳಮ್ಮ ಎಲ್ಲರೆದುರು ಹೇಳುತ್ತಿದ್ದಳು.

ಎಂಬತ್ತೊಂಬತ್ತರಲ್ಲಿ ಆ ಪೋಸ್ಟು ಬಂತು. ಎಂಎಸ್ಸಿ ಮಾಡಿದ ಬೇರೆ ಒಬ್ಬ ಹುಡುಗನಿಗೆ ಹೋಯಿತು. ಆ ಹುಡುಗನಿಗೆ ಬಣ್ಣ ನೋಡಲು ಕಲಿಸಿದವನು ಮುನಿನಾರಾಯಣಪ್ಪನೇ. "ಮುಂದಿನ ಪ್ರಾಜೆಕ್ಟಲ್ಲಿ ನೋಡಣ" ಎಂದರು ಡಾಕ್ಟರ್ ಸಾರ್. ಆಗ ಅವರು ಪ್ರೊಫೆಸರ್ ಆಗಿದ್ದರು. ಮುಂದಿನ ಪ್ರಾಜೆಕ್ಟು ಬರಲೇ ಇಲ್ಲ. ತೊಂಬತ್ತೊಂದರಲ್ಲಿ ಆ ಎರಡು ಕೋಣೆಗೆ ಬೀಗ ಬಿತ್ತು. ಮಿಷನ್ನು ತೆಗೆದುಕೊಂಡು ಹೋದರು. ಅವನು ಅಂಕಿ ಬರೆದಿಟ್ಟ ಹತ್ತು ವರ್ಷದ ಪುಸ್ತಕಗಳನ್ನು ಯಾರೂ ಕೇಳಲಿಲ್ಲ. ಅವನು ಗೋಣಿಚೀಲದಲ್ಲಿ ಮನೆಗೆ ತಂದ.

ಆಮೇಲೆ ಗೌರಿಬಿದನೂರಿನ ಕಡೆ ಒಂದು ಕಾರ್ಖಾನೆಯಲ್ಲಿ ಬಾಯ್ಲರಿನ ನೀರು ನೋಡುವ ಕೆಲಸ. ಸೋಮವಾರ ಹೋದರೆ ಶನಿವಾರ ಬರುತ್ತಿದ್ದ. ತೊಂಬತ್ತೈದರ ಒಂದು ಗುರುವಾರ ಕೆಲಸದ ನಡುವೆ ಎದೆ ಹಿಡಿದುಕೊಂಡು ಕೂತ. ಮತ್ತೆ ಏಳಲಿಲ್ಲ. ನಲವತ್ತೊಂದು ವರ್ಷ.

ಅಮ್ಮಾಜಮ್ಮ ಅತ್ತಳು. ಅವನ ಶರಟನ್ನು ಒಗೆಯದೆ ಇಟ್ಟುಕೊಂಡಳು. ಶನಿವಾರ ಬಂದರೆ ಕೈ ತಾನಾಗಿ ಒಂದು ಮುದ್ದೆ ಹೆಚ್ಚು ಕಟ್ಟುತ್ತಿತ್ತು. ಮಾತು ಕಮ್ಮಿಯವನು, ಆದರೆ ಸುಳ್ಳಿಲ್ಲದವನು ಎಂದು ಬಂದವರಿಗೆಲ್ಲ ಹೇಳಿದಳು. ಆಗ ಅವಳು ನಂಬಿದ್ದೂ ಅದನ್ನೇ.

ಬಯ್ಯಪ್ಪ ತಂಗಿಯನ್ನು ಕೈಬಿಡಲಿಲ್ಲ. "ಬಾಡಿಗೆ ಕಟ್ಕೊಂಡು ಇಲ್ಲಿ ಯಾಕಿರ್ತೀಯ ಅಮ್ಮಾಜಿ? ಹಿಂದಿನ ಕೋಣೆಗೆ ಹೆಂಚು ಹೊದಿಸ್ತಾ ಇದೀನಿ. ಯುಗಾದಿಗೆ ಬಂದ್ಬಿಡು. ಎರಡು ಹುಡ್ಗೀರೂ ಜೊತೇಲಿರ್ತವೆ" ಎಂದ. ಓಬಳಮ್ಮನೂ ಕರೆದಳು. ವಿಧವೆ ನಾದಿನಿಯನ್ನು ಬಾಯಿತುಂಬ ಕರೆಯುವ ಅತ್ತಿಗೆ ಎಷ್ಟು ಜನಕ್ಕೆ ಸಿಗುತ್ತಾಳೆ? ಅಮ್ಮಾಜಮ್ಮ ಪಾತ್ರೆ ಕಟ್ಟತೊಡಗಿದಳು.

ಯುಗಾದಿಗೆ ಇನ್ನೂ ಹದಿನೈದು ದಿನವಿತ್ತು. ವಿಶ್ವವಿದ್ಯಾಲಯದಿಂದ ಒಬ್ಬ ಹುಡುಗಿ ವಿಳಾಸ ಹುಡುಕಿಕೊಂಡು ಬಂದಳು. ಚೂಡಿದಾರ, ಹೆಗಲಿಗೆ ಚೀಲ. ಸತ್ತ ಸುದ್ದಿ ಗೊತ್ತಿರಲಿಲ್ಲ. ಕೇಳಿ ನಿಜವಾಗಿಯೂ ನೊಂದಳು. ಆಮೇಲೆ ಪುಸ್ತಕಗಳ ವಿಚಾರ ಎತ್ತಿದಳು. "ಅದೇ ನೀರುಗಳನ್ನ ಮತ್ತೆ ಪರೀಕ್ಷೆ ಮಾಡ್ಬೇಕಮ್ಮ. ನನ್ನ ಪಿಎಚ್‌ಡಿಗೆ. ಯಾವ ನಂಬರ್ ಯಾವ ಊರು ಅಂತ ಯಾರಿಗೂ ಗೊತ್ತಿಲ್ಲ. ನಿಮ್ಮ ಯಜಮಾನ್ರ ಪುಸ್ತಕದಲ್ಲಿ ಮಾತ್ರ ಇದೆಯಂತೆ."

ಅಮ್ಮಾಜಮ್ಮ ಗೋಣಿಚೀಲ ಎಳೆದು ತಂದಳು. ಹುಡುಗಿ ಚಾಪೆಯ ಮೇಲೆ ಕೂತು ಹಾಳೆ ತಿರುವಿದಳು. ತಿರುವುತ್ತಾ ಹೊಗಳಿದಳು, ಎಂಥ ಅಕ್ಷರ, ಎಂಥ ಕೆಲಸ ಎಂದು. ಅಮ್ಮಾಜಮ್ಮನಿಗೆ ಹಿಗ್ಗಾಯಿತು.

"ನಮ್ಮ ತವರೂರಿನದೂ ಇರ್ಬೇಕು ನೋಡಮ್ಮ. ದಿಗುವಕೋನಪಲ್ಲಿ. ಒಳ್ಳೇ ನೀರು."

ಹುಡುಗಿ ಬೆರಳಿಟ್ಟು ಹುಡುಕಿದಳು. ಬೆರಳು ನಿಂತಿತು. "ಒಳ್ಳೇದಲ್ಲಮ್ಮ. ನಲವತ್ತೊಂದನೇ ನಂಬರು. ಐದು ಪಾಯಿಂಟ್ ಎಂಟು. ಒಂದೂವರೆ ದಾಟಬಾರ್ದು. ಇಲ್ಲಿ ಇದೇ ಎಲ್ಲಕ್ಕಿಂತ ಹೆಚ್ಚು."

"ಯಾವತ್ತಿಂದು ಅದು?"

"ಎಂಬತ್ನಾಲ್ಕು, ಜೂನ್. ಮೂರು ಸಲ ಮಾಡಿದ್ದಾರೆ ಪಾಪ, ನಂಬಿಕೆ ಬರ್ದೆ."

ಅಮ್ಮಾಜಮ್ಮ ಗೋಡೆಗೆ ಒರಗಿದಳು. ಅದೇ ತಿಂಗಳು ಮಗುವನ್ನು ಕಂಬಿಯ ಮೇಲೆ ಕೂರಿಸಿಕೊಂಡು ಬಂದದ್ದು. ಅದೇ ತಿಂಗಳು ನೀರು ಮೋರಿಗೆ ಹೋದದ್ದು.

"ಅವರಿಗೆ ಗೊತ್ತಿತ್ತಾ?" ಎಂದಳು.

"ಗೊತ್ತಿಲ್ದೇ ಏನಮ್ಮ. ಅವರೇ ಮಾಡಿರೋದು."

"ಮತ್ತೆ ಊರಿಗೆ ಯಾಕೆ ಹೇಳಿಲ್ಲ?"

ಹುಡುಗಿ ಪುಸ್ತಕ ಮುಚ್ಚಿದಳು. "ರಿಪೋರ್ಟ್ ಬರೋವರ್ಗೂ ಹೇಳೋ ಹಾಗಿಲ್ಲ ಅಂತ ಬರೆಸ್ಕೊಂಡಿದ್ರು ಎಲ್ಲರ ಹತ್ರ. ಆ ಊರುಗಳ ಅದೇ ಮಕ್ಕಳ ಹಲ್ಲನ್ನ ವರ್ಷಾ ವರ್ಷಾ ನೋಡ್ತಿದ್ರು. ಜನ ನೀರು ಬಿಟ್ಟುಬಿಟ್ರೆ ಸ್ಟಡಿ ಕೆಡುತ್ತೆ ಅಂತ." ಕೊನೆಯ ಮಾತು ಹೇಳುವಾಗ ದನಿ ಇಳಿಯಿತು.

"ರಿಪೋರ್ಟು ಯಾವಾಗ ಬಂತು?"

"ಎಂಬತ್ತೆಂಟರಲ್ಲಿ." ಚೀಲದಿಂದ ತೆಗೆದು ತೋರಿಸಿದಳು. ಇಂಗ್ಲಿಷಿನ ಪುಸ್ತಕ. ಊರುಗಳ ಹೆಸರಿಲ್ಲ, ಬರೀ ನಂಬರು. ಬೇಳೆ ಬೇಯುವ ನೀರಿನ ವಿಷಯಕ್ಕೆ ಒಂದು ಇಡೀ ಅಧ್ಯಾಯವಿತ್ತು. ಮುನಿನಾರಾಯಣಪ್ಪನ ಹೆಸರು ಎಲ್ಲೂ ಇರಲಿಲ್ಲ.

"ಇದು ಬಂದಿದ್ದು ಇವರಿಗೆ ಹೇಳಿದ್ರಾ?"

"ಗೊತ್ತಿಲ್ಲಮ್ಮ. ಹೇಳಿರಲ್ಲ ಅನ್ಸುತ್ತೆ." ಹುಡುಗಿ ಅವಳ ಕೈ ಹಿಡಿದಳು. "ಪುಸ್ತಕ ಕೊಡಿ, ಈ ಸಲ ಅವರ ಹೆಸರು ಹಾಕ್ತೀವಿ. ನಿಮ್ಮ ಮಗಳಿಗೂ ಲ್ಯಾಬಲ್ಲಿ ಏನಾದ್ರೂ ಕೆಲಸ ಕೇಳ್ತೀನಿ. ಪೋಸ್ಟ್ ಬಂದಾಗ."

ಅಮ್ಮಾಜಮ್ಮನಿಗೆ ನಗು ಬಂತು. ಕೆಟ್ಟ ನಗು. "ಸೋಮವಾರ ಬಾಮ್ಮ" ಎಂದು ಕಳಿಸಿದಳು.

ಡಾಕ್ಟರ್ ಸಾರ್ ತನ್ನ ಗಂಡನಿಗೆ ಮೋಸ ಮಾಡಿದ. ಅದು ಅವಳಿಗೆ ಬೇಗ ಅರ್ಥವಾಯಿತು. ಓದಿದವರು ಓದದವರಿಗೆ ಮಾಡುವುದೇ ಅದು. ಗಂಟಲಿಗೆ ಸಿಕ್ಕಿಕೊಂಡದ್ದು ಇನ್ನೊಂದು. ತನ್ನ ಮಗಳನ್ನು ಸೈಕಲ್ ಮೇಲೆ ಕೂರಿಸಿಕೊಂಡವನು ಹಿಂದೆ ಓಡಿಬಂದ ಮಗುವನ್ನು ಬಿಟ್ಟು ಬಂದ. ಬಾರದ ಒಂದು ಪೋಸ್ಟಿಗೋಸ್ಕರ ಬಿಟ್ಟು ಬಂದ. ಹನ್ನೊಂದು ವರ್ಷ ಒಂದೇ ಚಾಪೆಯಲ್ಲಿ ಮಲಗಿದ, ಬಾಯಿ ಬಿಡಲಿಲ್ಲ. ಕೆಲಸ ಹೋದ ಮೇಲಾದರೂ ಹೇಳಬಹುದಿತ್ತು. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರಲ್ಲ, ಆ ಹೆದರಿಕೆ. ಅವಳು ಆ ಶರಟನ್ನು ತೆಗೆದು ಸೋಪು ಹಾಕಿ ಕಲ್ಲಿಗೆ ಬಡಿದು ಒಗೆದಳು.

ಹೇಳಿದರೆ ತವರು ಹೋಗುತ್ತದೆ. ಅವಳಿಗೆ ಗೊತ್ತಿತ್ತು. ಹೇಳದಿದ್ದರೆ ಹೆಂಚು ಹೊದಿಸಿದ ಕೋಣೆ ಇದೆ, ಕರೆಯುವ ಅತ್ತಿಗೆ ಇದ್ದಾಳೆ. ಬೋರಿಂಗಿನ ನೀರು ಕುಡಿಯದೆ ತಾನೂ ಮಗಳೂ ಹೇಗೋ ನಿಭಾಯಿಸಬಹುದು. ಗಂಡ ನಿಭಾಯಿಸಿದ ಹಾಗೆ. ಅಷ್ಟು ಯೋಚನೆ ಬಂದ ಮೇಲೆ ಅವಳು ಅಲ್ಲಿ ಕೂರಲಿಲ್ಲ. ಹನ್ನೊಂದು ಗಂಟೆಯ ಬಸ್ಸಿಗೆ ಹೊರಟಳು. ಕಂಕುಳಲ್ಲಿ ಆ ಒಂದು ಪುಸ್ತಕ.

ಓಬಳಮ್ಮ ಮುದ್ದೆ ಇಟ್ಟು ಸಾರು ಬಡಿಸಿದಳು. "ಉಣ್ಣು ಅಮ್ಮಾಜಮ್ಮ, ಬಿಸಿ ಇದೆ" ಎಂದಳು. ಬಯ್ಯಪ್ಪ ಪಕ್ಕದಲ್ಲಿ ಕೂತಿದ್ದ. ಹದಿನೈದರ ಕೊಂಡಮ್ಮ ಸ್ಟೂಲಿನ ಮೇಲೆ ತಟ್ಟೆ ಇಟ್ಟುಕೊಂಡಿದ್ದಳು. ನೆಲಕ್ಕೆ ಕೂತರೆ ಅವಳಿಗೆ ಏಳಲು ಆಗುತ್ತಿರಲಿಲ್ಲ.

"ಅಣ್ಣ, ಇದನ್ನ ಉಣ್ಣಬೇಡಿ" ಎಂದಳು ಅಮ್ಮಾಜಮ್ಮ. ಎಲ್ಲ ಹೇಳಿದಳು. ಅಳಲಿಲ್ಲ. ಹುಡುಗಿ ಬೆರಳಿಟ್ಟ ಜಾಗದಲ್ಲಿ ತಾನೂ ಬೆರಳಿಟ್ಟು ತೋರಿಸಿದಳು. ಇಸವಿ ಹೇಳಿದಳು, ತಿಂಗಳು ಹೇಳಿದಳು.

ಓಬಳಮ್ಮನಿಗೆ ಮೊದಲು ಅರ್ಥವಾಗಲಿಲ್ಲ. "ನೀರೊಳಗಾ? ನಮ್ಮ ನೀರೊಳಗಾ?" ಎಂದು ಎರಡು ಸಲ ಕೇಳಿದಳು. ಆಮೇಲೆ ಅರ್ಥವಾಯಿತು.

"ನಿನ್ ಮಗಳನ್ನ ಹೊತ್ಕೊಂಡು ಹೋದ."

"ಹೂಂ ಅತ್ತಿಗೆ."

"ನನ್ ಮಗಳಿಗೆ ಮಾತ್ರೆ ತಂದ."

"ಹೂಂ."

"ಒಂದು ಮಾತು. ಕಣ್ಸನ್ನೆ ಮಾಡಿದ್ರೂ ಸಾಕಿತ್ತು. ಕಿತ್ತು ಎಸೀತಿದ್ದೆ ಆ ಬೋರಿಂಗ್ನ." ಅವಳು ಸಾರಿನ ಪಾತ್ರೆ ಎತ್ತಿ ಅಂಗಳಕ್ಕೆ ಬೀಸಿದಳು. ಕೋಳಿಗಳು ಓಡಿದವು. "ನಿಂಗೆ ಗೊತ್ತಿರಲಿಲ್ಲ ಅಂತ ನಾನ್ ಹೆಂಗೆ ನಂಬ್ಲಿ? ಗಂಡ ಹೆಂಡ್ತಿ ಒಂದೇ ಮನೇಲಿದ್ರಿ. ಏಳು. ಎದ್ದು ಹೋಗು. ಆ ಕೋಣೇನೂ ಬೇಡ, ಈ ಹೊಸಿಲೂ ಬೇಡ ನಿಂಗೆ."

ಕೊಂಡಮ್ಮ ಅತ್ತೆಯನ್ನು ನೋಡಿದಳು, ತನ್ನ ಕಾಲನ್ನು ನೋಡಿಕೊಂಡಳು. ಅಮ್ಮಾಜಮ್ಮನಿಗೆ ಅತ್ತಿಗೆಯ ಬೈಗುಳ ತಡೆದುಕೊಳ್ಳುವಷ್ಟಿತ್ತು. ಈ ನೋಟ ತಡೆಯಲಾಗಲಿಲ್ಲ. ಎದ್ದು ಹೊರಟಳು.

ಬಸ್ಸು ನಿಲ್ಲುವ ಜಾಗಕ್ಕೆ ಬಯ್ಯಪ್ಪ ಹಿಂದೆಯೇ ಬಂದ. ಕೈ ತೊಳೆದಿರಲಿಲ್ಲ, ಬೆರಳಿನಲ್ಲಿ ಮುದ್ದೆ ಒಣಗಿತ್ತು.

"ಆ ಪುಸ್ತಕ ಕೊಡು. ಪಂಚಾಯ್ತಿಗೆ ತಗೊಂಡ್ಹೋಗ್ತೀನಿ. ಬೇರೆ ಊರುಗಳೂ ಅವಲ್ಲ ಇದ್ರಲ್ಲಿ."

"ನಲವತ್ತಕ್ಕೂ ಹೆಚ್ಚು" ಎಂದು ಕೊಟ್ಟಳು.

ಬಯ್ಯಪ್ಪ ರಟ್ಟು ತೆಗೆದ. ಮೊದಲ ಹಾಳೆಯಲ್ಲಿ ಮುನಿನಾರಾಯಣಪ್ಪನ ಹೆಸರು, ಊರು, ಕೆಳಗೆ ಅನಲಿಸ್ಟ್ ಎಂದು ಗುಂಡಗಿನ ಅಕ್ಷರದಲ್ಲಿ ಬರೆದಿತ್ತು. "ಈ ಹಾಳೆ ಹರ್ದು ನೀನೇ ಇಟ್ಕೋ. ನಲವತ್ತೂರಿನೋರೂ ಬಾವನ ಹೆಸರು ಹಿಡ್ದು ಉಗೀತಾರೆ. ನಿನ್ ಮಗಳ ಮದ್ವೆ ಆಗ್ಬೇಕು ಇನ್ನೂ."

ದೂರದಲ್ಲಿ ಬಸ್ಸಿನ ಧೂಳು ಕಂಡಿತು. ಅಮ್ಮಾಜಮ್ಮ ಹಾಳೆಯ ಅಂಚನ್ನು ಹಿಡಿದಳು. ಹಿಡಿದು, ಬಿಟ್ಟಳು.

"ಬೇಡಣ್ಣ, ಇರ್ಲಿ" ಎಂದಳು. "ಕಂಡುಹಿಡಿದಿದ್ದೂ ಅವರೇ. ಮುಚ್ಚಿಟ್ಟಿದ್ದೂ ಅವರೇ."

ಬಸ್ಸು ಬಂತು. ಬಯ್ಯಪ್ಪ ಹತ್ತು ಎನ್ನಲಿಲ್ಲ, ಇರು ಎನ್ನಲಿಲ್ಲ. ಅವಳು ಹತ್ತಿ ಕೂತಳು.